ದೇವರ ಡಬ್ಬಿಯ ಅಕ್ಕಿ

ನನ್ನ ನೆನಪಿನಲ್ಲಿ ಆ ದಿನಗಳಲ್ಲಿ ಮಳೆ ಬರುತ್ತಿತ್ತು. ಅದು ಸುಳ್ಳೇ ಇರಬೇಕು. ಎಪ್ಪತ್ತನಾಲ್ಕರ ಮೇ ತಿಂಗಳು, ಮದ್ರಾಸಿನಲ್ಲಿ ಕಾಗೆಗಳೂ ಬಾಯಿ ತೆರೆದುಕೊಂಡು ಕೂರುವ, ತಮಿಳರು ಕತ್ತಿರಿ ಎನ್ನುವ ಬಿಸಿಲು, ಮಳೆ ಎಲ್ಲಿಂದ ಬರಬೇಕು? ರೈಲ್ವೆ ಮುಷ್ಕರ ಎರಡು ತಿಂಗಳು ನಡೆಯಿತೆಂದೂ ನೆನಪು. ಓದಿ ನೋಡಿದರೆ ಇಪ್ಪತ್ತು ದಿನವಂತೆ. ಅಮ್ಮನ ಡಬ್ಬಿಯಿಂದ ನಾನು ಎಷ್ಟು ಸಲ ಅಕ್ಕಿ ಕದ್ದೆ ಎಂದು ಯಾರಾದರೂ ಕೇಳಿದರೆ ಒಬ್ಬರಿಗೆ ಹತ್ತು ಸಲ ಎಂದಿದ್ದೇನೆ, ಇನ್ನೊಬ್ಬರಿಗೆ ಹದಿನೈದು. ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೆ ಸ್ಟಾಫ್ ರೂಮಿನಲ್ಲಿ ಈ ಕಥೆಯನ್ನು ಹೇಳಿ ಬಹಳ ಜನರನ್ನು ನಗಿಸಿದ್ದೇನೆ. ಅವರು ನಕ್ಕ ಕಡೆ ಸ್ವಲ್ಪ ಹಿಗ್ಗಿಸಿದೆ, ಗಡಿಯಾರ ನೋಡಿದ ಕಡೆ ಕತ್ತರಿಸಿದೆ. ಹಾಗಾಗಿ ಈಗ ಉಳಿದಿರುವುದರಲ್ಲಿ ನಡೆದದ್ದೆಷ್ಟು, ನಾನು ತಿದ್ದಿದ್ದೆಷ್ಟು ಎಂದು ನನಗೇ ಖಾತ್ರಿಯಿಲ್ಲ. ಅಮ್ಮ ಇದ್ದಿದ್ದರೆ ಕೇಳಬಹುದಿತ್ತು. ಅವಳಿದ್ದಾಗ ನಾನು ಕೇಳಿದ್ದು ಕಡಿಮೆ, ಹೇಳಿದ್ದೇ ಹೆಚ್ಚು.

ಡಬ್ಬಿ ಇದ್ದದ್ದು ಮಾತ್ರ ನಿಜ. ಚೌಕಾಕಾರದ ಬಿಸ್ಕತ್ತಿನ ಡಬ್ಬಿ, ಮುಚ್ಚಳದ ಮೇಲೆ ಬಣ್ಣ ಮಾಸಿದ ಒಂದು ಗುಲಾಬಿ. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನ ನಮ್ಮ ಅಡುಗೆಮನೆಯಲ್ಲಿ ಅದಕ್ಕೆ ಗೋಡೆಯ ಗೂಡಿನಲ್ಲಿ ಸ್ವಂತ ಜಾಗ. ಅದು ಹಿಡಿ ಅಕ್ಕಿಯ ಡಬ್ಬಿ. ನಮ್ಮ ಸಭೆಯ ಹೆಂಗಸರೆಲ್ಲ ಅನ್ನಕ್ಕೆ ಇಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ದೇವರಿಗೆಂದು ತೆಗೆದು ಇಂಥ ಡಬ್ಬಿಗೆ ಹಾಕುತ್ತಿದ್ದರು. ತಿಂಗಳ ಕೊನೆಯ ಭಾನುವಾರ ಎಲ್ಲ ಡಬ್ಬಿಗಳೂ ಚರ್ಚಿಗೆ ಹೋಗುತ್ತಿದ್ದವು. ಅಲ್ಲಿ ದೊಡ್ಡ ಬುಟ್ಟಿಗೆ ಸುರಿದ ಅಕ್ಕಿಯನ್ನು ಅನಾಥಾಲಯಕ್ಕೋ ಆಸ್ಪತ್ರೆಗೋ ಕಳಿಸುತ್ತಿದ್ದರು. ಯಾವ ಅಕ್ಕಿಯನ್ನು ಬೇಕಾದರೂ ಹಾಕಬಹುದಿತ್ತು. ಅಮ್ಮನಿಗೆ ಮಾತ್ರ ಅವಳದೇ ಕಾನೂನು. ಮನೆಯವರು ಉಣ್ಣುತ್ತಿದ್ದದ್ದು ರೇಷನ್ನಿನ ಪುಳುಂಗಲು, ಅಂದರೆ ಭತ್ತವನ್ನು ಬೇಯಿಸಿ ಒಣಗಿಸಿ ತೆಗೆದ ಕುಸುಬಲಕ್ಕಿ. ಹಳದಿ ಬಣ್ಣ, ಒಂದು ಥರ ವಾಸನೆ, ನಡುನಡುವೆ ಕಲ್ಲು. ದೇವರಿಗೆ ಅದು ಆಗದು. ಹಬ್ಬಕ್ಕೂ ದೋಸೆಗೂ ಎಂದು ಚೀಲದಲ್ಲಿ ಇಟ್ಟಿದ್ದ ಬಿಳಿಯ ಪಚ್ಚರಿಸಿ, ಅಂದರೆ ಹಸಿ ಅಕ್ಕಿ, ಅದರಿಂದಲೇ ಹಿಡಿ. ದೇವರಿಗೆ ಹಲ್ಲಿದೆಯೇ, ಕಲ್ಲು ಸಿಕ್ಕಿದರೆ ನೋವಾಗುತ್ತದೆಯೇ ಎಂದು ನಾನು ಹದಿನೈದನೆಯ ವಯಸ್ಸಿನಲ್ಲಿ ಕೇಳಿ ಸೌಟಿನಿಂದ ಏಟು ತಿಂದದ್ದುಂಟು. ಹಾಕುವಾಗ ಅವಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ಮುಂದೆ ನಾನು ಮಾಡಿದ ಕೆಲಸಕ್ಕೆ ಈ ಕಣ್ಣು ಮುಚ್ಚುವುದೇ ಆಧಾರ.

ನಾವು ಕೋಲಾರದ ಚಿನ್ನದ ಗಣಿಯ ಕಡೆಯಿಂದ ಬಂದ ಕನ್ನಡದ ಕ್ರೈಸ್ತರು. ಮದ್ರಾಸಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗುತ್ತಿತ್ತು. ಕನ್ನಡದವರಿಗೆ ನಾವು ಕ್ರೈಸ್ತರಾದದ್ದು ಆಶ್ಚರ್ಯ, ಕ್ರೈಸ್ತರಿಗೆ ಕನ್ನಡದವರಾದದ್ದು ಆಶ್ಚರ್ಯ. ನಮಗೆ ಸ್ವಂತ ಚರ್ಚು ಇರಲಿಲ್ಲ. ತಮಿಳು ಸಭೆಯವರ ಕಟ್ಟಡದಲ್ಲಿ ಅವರ ಎರಡು ಆರಾಧನೆಗಳು ಮುಗಿದ ಮೇಲೆ ಹನ್ನೊಂದೂವರೆಗೆ ನಮ್ಮದು. ಬೆಂಚುಗಳು ಇನ್ನೂ ಅವರ ಬಿಸಿಯಲ್ಲೇ ಇರುತ್ತಿದ್ದವು. ತಮಿಳರಿಗೆ ಕಿವಿಗೊಟ್ಟು ದಣಿದ ದೇವರು ಊಟಕ್ಕೆ ಏಳುವ ಹೊತ್ತಿಗೆ ನಾವು ಹೋಗಿ ಕನ್ನಡದಲ್ಲಿ ಹಿಡಿದು ನಿಲ್ಲಿಸುತ್ತೇವೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಅಪ್ಪ ನಗುತ್ತಿದ್ದ, ಅಮ್ಮನ ಕಡೆ ನೋಡಿ ನಿಲ್ಲಿಸುತ್ತಿದ್ದ.

ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿ, ಸಣ್ಣಗೆ ಎತ್ತರವಾಗಿದ್ದ ಮನುಷ್ಯ. ಸೈಕಲ್ ತುಳಿದು ಬರುತ್ತಿದ್ದುದರಿಂದ ಪ್ರಸಂಗದ ಮೊದಲ ಐದು ನಿಮಿಷ ಏದುಸಿರಿನಲ್ಲೇ ಹೋಗುತ್ತಿತ್ತು. ಹಕ್ಕಿಗಳು ಬಿತ್ತುವುದಿಲ್ಲ, ಕಣಜ ಕಟ್ಟುವುದಿಲ್ಲ, ಆದರೂ ಅವಕ್ಕೆ ಉಣಿಸುವವನಿದ್ದಾನೆ ಎಂಬುದು ಅವರಿಗೆ ಬಹಳ ಇಷ್ಟದ ವಿಷಯ. ಪೆರಂಬೂರಿನ ಹಕ್ಕಿ ಎಂದರೆ ಕಾಗೆ, ಅದಕ್ಕೆ ಉಣಿಸುವವರು ಮೀನಿನ ತಲೆ ಎಸೆಯುವ ನಾವು ಎಂದು ನಾನು ಮನೆಗೆ ಬಂದು ಹೇಳುತ್ತಿದ್ದೆ. ಅಮ್ಮ ಆ ಪ್ರಸಂಗವನ್ನು ಕೇಳಿ ಬಂದ ದಿನ ಇನ್ನಷ್ಟು ಸುಖವಾಗಿರುತ್ತಿದ್ದಳು. ಅವಳ ಬಾಯಲ್ಲಿ ಒಂದೇ ಮಾತು, ಸಾಕು. ಇರುವ ಎರಡು ಕೋಣೆ ಸಾಕು, ಮೂರು ಸೀರೆ ಸಾಕು. ಅಪ್ಪ ಚಾರ್ಜ್‌ಮನ್ ಪರೀಕ್ಷೆಗೆ ಕೂರದೆ ಫಿಟ್ಟರಾಗಿಯೇ ಉಳಿದದ್ದೂ ಸಾಕು. ಭೌತಶಾಸ್ತ್ರದಲ್ಲಿ ಇದಕ್ಕೆ ಜಡತ್ವ ಎನ್ನುತ್ತಾರೆ ಎಂದು ನಾನು ಹೇಳಿದ್ದೆ. ಯಾವ ಹೆಸರು ಬೇಕಾದರೂ ಇಟ್ಟುಕೋ ಎಂದಳು.

ಆಗ ನಾನು ಬಿ.ಎಸ್ಸಿ. ಕೊನೆಯ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಕೂತಲ್ಲಿ ಕೂರಲಾರದ ಸ್ವಭಾವ, ಮಾಡಲು ಕೆಲಸವಿಲ್ಲ. ಎರಡು ವರ್ಷದಿಂದ ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದೆ. ಊರಿನಲ್ಲಿ ಪಗುತ್ತರಿವಿನ ಗಾಳಿ ಬಲವಾಗಿತ್ತು. ಹಾಗೆಂದರೆ ವಿಚಾರವಾದ. ಸಂಜೆ ಮೈದಾನಗಳಲ್ಲಿ ಅದರ ಸಭೆ, ಪೆಟ್ಟಿಗೆ ಅಂಗಡಿಗಳಲ್ಲಿ ಅದರ ಪತ್ರಿಕೆ. ಕಡವುಳ್ ಇಲ್ಲೈ, ದೇವರಿಲ್ಲ ಎಂದು ದಪ್ಪಕ್ಷರದಲ್ಲಿ ಅಚ್ಚಾಗುತ್ತಿದ್ದ ಒಂದು ತಮಿಳು ಪತ್ರಿಕೆಯನ್ನು ನಾನು ಕೊಳ್ಳುತ್ತಿದ್ದೆ. ಓದಿ ಮುಗಿಸಿ ಮಡಿಚಿ ಹಾಸಿಗೆಯ ಕೆಳಗೆ ಇಡುತ್ತಿದ್ದೆ. ಅಮ್ಮ ಗುಡಿಸುವಾಗ ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದಳು. ಅವಳಿಗೆ ತಮಿಳು ಓದಲು ಬರುವುದಿಲ್ಲ ಎಂದು ನಾನು ತಿಳಿದಿದ್ದೆ.

ಮುಷ್ಕರ ಶುರುವಾಯಿತು. ಅಪ್ಪನನ್ನು ವೀರ ಎಂದು ಹೇಳಲಾರೆ. ಎಲ್ಲರೂ ಕೆಲಸಕ್ಕೆ ಹೋಗಲಿಲ್ಲ, ಅವನೂ ಹೋಗಲಿಲ್ಲ. ಕೆಲಸ ಹೋಗುತ್ತದೆ, ಕ್ವಾರ್ಟರ್ಸ್ ಖಾಲಿ ಮಾಡಿಸುತ್ತಾರೆ ಎಂಬ ಸುದ್ದಿ ಬೀದಿಯಲ್ಲಿ ದಿನಕ್ಕೆರಡು ಬಣ್ಣದಲ್ಲಿ ಓಡಾಡುತ್ತಿತ್ತು. ಅಪ್ಪ ಬನಿಯನ್ನಿನಲ್ಲಿ ಕೂತು ಮನೆಯಲ್ಲಿದ್ದ ವಸ್ತುಗಳನ್ನೆಲ್ಲ ಒಂದೊಂದಾಗಿ ರಿಪೇರಿ ಮಾಡತೊಡಗಿದ. ಕೆಡದೆ ಇದ್ದವೂ ತಪ್ಪಿಸಿಕೊಳ್ಳಲಿಲ್ಲ. ಅಮ್ಮ ಎರಡನೆಯ ದಿನ ನಮ್ಮೆಲ್ಲರನ್ನೂ, ಎಂದರೆ ಅಪ್ಪ, ನಾನು, ಹೈಸ್ಕೂಲಿನಲ್ಲಿದ್ದ ತಂಗಿ, ಮೂವರನ್ನೂ ಅಡುಗೆಮನೆಗೆ ಕರೆದು ಅಕ್ಕಿಯ ಡ್ರಮ್ಮಿನ ಮುಚ್ಚಳ ತೆಗೆದು ತೋರಿಸಿದಳು. ಇದು ತಿಂಗಳ ಅಕ್ಕಿ, ಇವತ್ತಿನಿಂದ ಎರಡು ತಿಂಗಳ ಅಕ್ಕಿ ಎಂದಳು. ಮುಂದಿನ ಸಂಬಳ ಬರುತ್ತದೆಂದು ಯಾರೂ ಹೇಳುವ ಹಾಗಿರಲಿಲ್ಲ. ಅಂದಿನಿಂದ ಐದು ಪಾವು ಹಾಕುವ ಕಡೆ ಮೂರು ಪಾವು. ಆದರೆ ದೇವರ ಹಿಡಿ ಮಾತ್ರ ಹಿಡಿಯಷ್ಟೇ ಉಳಿಯಿತು.

ಅದನ್ನು ನೋಡಿ ನನಗೆ ಸಿಟ್ಟು ಬಂತು. ಎರಡನೆಯ ವಾರದಲ್ಲಿರಬೇಕು, ಕೇಳಿಯೇ ಬಿಟ್ಟೆ. ಮನೆಯ ಡ್ರಮ್ಮು ಇಳಿಯುತ್ತಿದೆ, ದೇವರ ಡಬ್ಬಿ ತುಂಬುತ್ತಿದೆ, ಎರಡೂ ಇರುವುದು ಒಂದೇ ಅಡುಗೆಮನೆಯಲ್ಲಿ, ಇದರಲ್ಲಿ ಅರ್ಥವಿದೆಯೇ ಎಂದು.

“ಒಂದೇ ಮನೇಲಿದ್ರೆ ಒಬ್ರದ್ದೇ ಆಗೋಗುತ್ತಾ? ನಿನ್ ಪ್ಯಾಂಟು ನಿಮ್ಮಪ್ಪ ಹಾಕ್ಕೊಂಡ್ ಓಡಾಡ್ತಾರಾ?” ಎಂದಳು ಅಮ್ಮ.

ನಾನು ನ್ಯಾಯಕ್ಕಾಗಿ ಅಪ್ಪನ ಕಡೆ ನೋಡಿದೆ. ಅವನು ಬಿಚ್ಚಿ ಹರಡಿದ್ದ ಗಡಿಯಾರದಿಂದ ತಲೆ ಎತ್ತಲಿಲ್ಲ. “ನನ್ನನ್ನ ಇದ್ರೊಳಗೆ ಎಳೀಬೇಡಿ. ನಾನು ಮುಷ್ಕರದಲ್ಲಿದೀನಿ.”

ಅಮ್ಮ ಉಣ್ಣುತ್ತಿಲ್ಲ ಎಂದು ನನಗೆ ಗೊತ್ತಾದದ್ದು ಅದಾದ ಮೇಲೆ. ಅವಳು ಯಾವಾಗಲೂ ಕೊನೆಗೆ ಕೂರುವವಳು, ಹಾಗಾಗಿ ಯಾರೂ ನೋಡುತ್ತಿರಲಿಲ್ಲ. ಒಂದು ಮಧ್ಯಾಹ್ನ ನೀರು ಕುಡಿಯಲು ಒಳಗೆ ಹೋದೆ. ಅವಳ ತಟ್ಟೆಯಲ್ಲಿ ಗಂಜಿಯ ತಿಳಿ, ಪಕ್ಕದಲ್ಲಿ ಅರ್ಧ ಈರುಳ್ಳಿ. ಹೊಟ್ಟೆ ಸರಿಯಿಲ್ಲ ಎಂದಳು. ಮಾರನೆಯ ದಿನ ಬೇಕೆಂದೇ ಹೋಗಿ ನೋಡಿದೆ, ಅದೇ ತಿಳಿ. ಬೆಳಿಗ್ಗೆ ಒಂದು ಲೋಟ ರಾಗಿ ಅಂಬಲಿ, ಮಧ್ಯಾಹ್ನ ಇದು, ರಾತ್ರಿ ದೇವರೇ ಬಲ್ಲ. ಮೂರು ಪಾವಿನ ಅನ್ನ ನಮ್ಮ ಮೂವರಿಗೆ ಸರಿಯಾಗಿ ಹೊಂದುತ್ತಿದ್ದದ್ದು ಯಾಕೆ ಎಂದು ಆಗ ಹೊಳೆಯಿತು. ಕೇಳಿದರೆ ಸಾಕು ಎನ್ನುತ್ತಾಳೆ. ಆ ಮಾತಿಗೆ ಎದುರಾಗಿ ವಾದ ಹೂಡುವ ದಾರಿ ನನಗೆ ಇವತ್ತಿಗೂ ತಿಳಿಯದು.

ಅದಕ್ಕೆ ಕದಿಯಲು ನಿರ್ಧರಿಸಿದೆ.

ಬೆಳಿಗ್ಗೆ ಐದೂವರೆಗೆ ಅಮ್ಮ ಬೀದಿಯ ಕೊನೆಯ ಪಂಪಿಗೆ ನೀರು ತರಲು ಹೋಗುತ್ತಿದ್ದಳು. ಸಾಲು ಇರುತ್ತಿದ್ದುದರಿಂದ ಬರಲು ಅರ್ಧ ಗಂಟೆ. ಅಷ್ಟರಲ್ಲಿ ನಾನು ಎದ್ದು ದೇವರ ಡಬ್ಬಿಯಿಂದ ಮೂರು ಹಿಡಿ ತೆಗೆದು ಡ್ರಮ್ಮಿಗೆ ಹಾಕಿ ಕೈಯಾಡಿಸುತ್ತಿದ್ದೆ. ಮೂರು ಹಿಡಿ ಎಂದರೆ ಹೆಚ್ಚುಕಡಿಮೆ ಒಬ್ಬರ ಊಟ. ಡ್ರಮ್ಮು ಇಳಿಯುವುದು ನಿಧಾನವಾದರೆ ಅಮ್ಮನಿಗೆ ಧೈರ್ಯ ಬರುತ್ತದೆ, ಧೈರ್ಯ ಬಂದರೆ ಉಣ್ಣುತ್ತಾಳೆ ಎಂಬುದು ನನ್ನ ಲೆಕ್ಕ. ಬಿಳಿ ಅಕ್ಕಿ ಹಳದಿ ಅಕ್ಕಿಯಲ್ಲಿ ಚೆನ್ನಾಗಿ ಬೆರೆತರೆ ಕಾಣುವುದಿಲ್ಲ ಎಂಬುದು ನನ್ನ ವಿಜ್ಞಾನ. ಡಬ್ಬಿ ಇಳಿದದ್ದು ತಿಳಿಯಬಾರದಲ್ಲ, ಅದಕ್ಕೆ ತಳದಲ್ಲಿ ಕಾಗದ ಉಂಡೆ ಮಾಡಿ ಇಟ್ಟು, ಉಳಿದ ಅಕ್ಕಿಯನ್ನು ಮೇಲೆ ಹರಡುತ್ತಿದ್ದೆ. ದಿನಕ್ಕೊಂದು ಹಾಳೆ. ಮನೆಗೆ ದಿನಪತ್ರಿಕೆ ತರಿಸುವುದನ್ನು ಅಮ್ಮ ಮುಷ್ಕರದ ಮೊದಲ ದಿನವೇ ನಿಲ್ಲಿಸಿದ್ದಳು. ಕೈಗೆ ಸಿಗುತ್ತಿದ್ದ ಕಾಗದವೆಂದರೆ ನನ್ನ ಹಾಸಿಗೆಯ ಕೆಳಗಿನ ಪತ್ರಿಕೆಯೊಂದೇ. ಹೀಗೆ ದೇವರ ಡಬ್ಬಿಯ ತಳದಲ್ಲಿ ದೇವರಿಲ್ಲ ಎಂಬುದು ದಿನದಿಂದ ದಿನಕ್ಕೆ ಏರತೊಡಗಿತು.

ಅಮ್ಮ ಕಣ್ಣು ಮುಚ್ಚಿ ಹಿಡಿ ಹಾಕುವುದನ್ನು ಮುಂದುವರಿಸಿದಳು. ಅನ್ನ ಮಾತ್ರ ಕೆಟ್ಟಿತು. ಅರ್ಧ ಮುದ್ದೆ, ಅರ್ಧ ಗಟ್ಟಿ. ಶಾಲೆಯಲ್ಲಿ ತಮಿಳು ಓದಿ ಮನೆಯಲ್ಲೂ ತಮಿಳೇ ಆಡುತ್ತಿದ್ದ ತಂಗಿ ತಟ್ಟೆ ನೋಡಿ, “ಅಮ್ಮಾ, ಇದು ಸಾದಮಾ, ಕಳಿಯಾ?” ಎಂದಳು, ಇದು ಅನ್ನವೋ ಮುದ್ದೆಯೋ ಎಂದು. ಅಪ್ಪ ಬೆರಳಿನಲ್ಲಿ ಬಿಡಿಸಿ ನೋಡಿ ಒಂದು ಕಾಳು ಮಲ್ಲಿಗೆ, ಒಂದು ಕಾಳು ಜಲ್ಲಿ ಎಂದ. ರೇಷನ್ ಅಕ್ಕಿ ಈಚೆಗೆ ಹೀಗೇ ಎಂದಳು ಅಮ್ಮ. ನಾನು ಅವಳ ಮಾತನ್ನು ಜೋರಾಗಿ ಅನುಮೋದಿಸಿದೆ. ಆಹಾರ ಇಲಾಖೆಯನ್ನು, ಸರ್ಕಾರವನ್ನು, ಉಗ್ರಾಣದ ಇಲಿಗಳನ್ನು ಸೇರಿಸಿ ಬೈದೆ. ಅಮ್ಮ ನನ್ನ ಬೈಗುಳವನ್ನು ಗಮನವಿಟ್ಟು ಕೇಳಿದಳು.

ಗುರುವಾರ ಹೆಂಗಸರ ಪ್ರಾರ್ಥನೆ ಕೂಟ. ಅಮ್ಮ ಅಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದಳಂತೆ. ದೇವರು ತನಗೆ ಮಾಡಿದ್ದನ್ನು ಎಲ್ಲರೆದುರು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ನಮ್ಮ ಮನೆಯ ಅಕ್ಕಿ ಇಳಿಯಬೇಕಾದಷ್ಟು ಇಳಿಯುತ್ತಿಲ್ಲ, ಕರ್ತನು ನೋಡಿಕೊಳ್ಳುತ್ತಿದ್ದಾನೆ ಎಂದಳಂತೆ. ಮೂವರು ಅತ್ತರಂತೆ. ತಂಗಿ ಬಂದು ಇದನ್ನು ಹೇಳಿದಾಗ ನನಗೆ ನಗು ಬಂತು. ಇಡೀ ಪೆರಂಬೂರು ಕೆಲಸ ನಿಲ್ಲಿಸಿದ್ದ ಕಾಲದಲ್ಲಿ ನಾನೊಬ್ಬ ದೇವರ ಕೆಲಸಕ್ಕೆ ಬೆಳಗಿನ ಪಾಳಿಯಲ್ಲಿ ಹಾಜರಾಗುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಹೆಸರು ಅವನದು.

ಅಷ್ಟಾದರೂ ಅಮ್ಮನ ತಟ್ಟೆಯಲ್ಲಿ ಗಂಜಿಯ ತಿಳಿಯೇ. ಇದು ನನ್ನ ಲೆಕ್ಕಕ್ಕೆ ಸಿಗಲಿಲ್ಲ. ಆ ಹೊತ್ತಿಗೆ ಇನ್ನೊಂದು ಭಯ ಹಿಡಿದಿತ್ತು. ತಿಂಗಳ ಕೊನೆಯ ಭಾನುವಾರ ಬರುತ್ತಿತ್ತು. ಅಮ್ಮ ಸ್ತ್ರೀಯರ ಸಂಘದ ಕಾರ್ಯದರ್ಶಿ, ಅವಳ ಡಬ್ಬಿಯೇ ಮೊದಲು. ಸಭೆಯ ಮುಂದೆ ಡಬ್ಬಿ ಬಗ್ಗಿಸಿ ತಳಕ್ಕೆ ಎರಡು ಸಲ ತಟ್ಟುವುದು ರೂಢಿ. ಒಂದು ಪಾವು ಅಕ್ಕಿಯ ಹಿಂದೆ ಏಳೆಂಟು ಉಂಡೆ ಕಡವುಳ್ ಇಲ್ಲೈ ಬಲಿಪೀಠದ ಮುಂದೆ ಉರುಳುತ್ತದೆ. ನನ್ನ ಹೆಸರು ಕೆಡುವುದಕ್ಕೆ ಉಳಿದಿರಲೇ ಇಲ್ಲ. ಅಮ್ಮ ಮಾತ್ರ ಮೂರು ದಿನದ ಹಿಂದೆ ಅದೇ ಜನರ ಮುಂದೆ ಸಾಕ್ಷಿ ಹೇಳಿದ್ದಳು.

ಶನಿವಾರ ಬೆಳಿಗ್ಗೆ ಕಾಗದ ತೆಗೆದುಬಿಡೋಣ ಎಂದು ಎದ್ದೆ. ಗೂಡು ಖಾಲಿ. ಪ್ರತಿ ತಿಂಗಳೂ ಮಾಡುವ ಹಾಗೆ ಅಮ್ಮ ಡಬ್ಬಿಯನ್ನು ಒರೆಸಿ ಬಿಳಿ ಬಟ್ಟೆಯಲ್ಲಿ ಕಟ್ಟಿ ತನ್ನ ಟ್ರಂಕಿನ ಮೇಲೆ ಇಟ್ಟುಕೊಂಡಿದ್ದಳು. ಅಂದು ನೀರಿಗೂ ತಂಗಿಯನ್ನು ಕಳಿಸಿದಳು. ಇಡೀ ದಿನ ಆ ಟ್ರಂಕಿನ ಹತ್ತಿರವೇ ಕೂತು ಹೊಲಿದಳು. ನಾನು ನಾಲ್ಕು ಸಲ ಆ ಕೋಣೆಗೆ ಹೋಗಿ ನಾಲ್ಕು ಸಲ ಏನನ್ನೋ ಹುಡುಕಿದೆ.

ಭಾನುವಾರ ನಾನು ಚರ್ಚಿಗೆ ಹೊರಟೆ. ಅಪ್ಪ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದವನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಯ್ಯನವರು ಬಾಗಿಲಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡರು. ಅಂದೂ ಹಕ್ಕಿಗಳದೇ ಪ್ರಸಂಗ ಎಂದು ನೆನಪು, ಅದನ್ನು ನಂಬಬೇಡಿ, ನಾನು ಒಂದು ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಕಾಗದ ಉರುಳಿದ ತಕ್ಷಣ ಜಿಗಿದು ಕಾಲಡಿ ಹಾಕಿಕೊಳ್ಳಬೇಕೆಂದು ಮೊದಲ ಬೆಂಚಿನಲ್ಲಿ ಕೂತಿದ್ದೆ. ಅಮ್ಮ ಎದ್ದಳು. ಗಂಟು ಬಿಚ್ಚಿದಳು, ಬುಟ್ಟಿಯ ಮೇಲೆ ಡಬ್ಬಿ ಬಗ್ಗಿಸಿದಳು.

ಅಕ್ಕಿ ಬಿತ್ತು. ಇನ್ನೂ ಬಿತ್ತು. ತಳಕ್ಕೆ ಎರಡು ಸಲ ತಟ್ಟಿದಳು, ಕೊನೆಯ ಕಾಳುಗಳೂ ಬಿದ್ದವು. ಕಾಗದವಿಲ್ಲ. ತುಂಬಿದ ಡಬ್ಬಿಯ ಅಕ್ಕಿ, ಆದರೆ ಎಂದಿನಂತೆ ಬಿಳಿಯಲ್ಲ. ಅರ್ಧಕ್ಕಿಂತ ಹೆಚ್ಚು ಹಳದಿ. ಅಮ್ಮ ಖಾಲಿ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ನನ್ನ ಬೆಂಚನ್ನು ದಾಟಿ ಹೋದಳು. ನನ್ನ ಕಡೆ ನೋಡಿದಳೆಂದು ಕೆಲವು ಸಲ ಹೇಳಿದ್ದೇನೆ. ನೋಡಿರಲಿಕ್ಕಿಲ್ಲ.

ಎಲ್ಲ ಡಬ್ಬಿಗಳೂ ಮುಗಿದ ಮೇಲೆ ಅಯ್ಯನವರು ಒಂದು ಪ್ರಕಟಣೆ ಮಾಡಿದರು. ಈ ತಿಂಗಳ ಅಕ್ಕಿ ಹೊರಗೆ ಹೋಗುವುದು ಬೇಡ, ಮುಷ್ಕರದಲ್ಲಿರುವ ನಮ್ಮ ಸಭೆಯ ಮನೆ ಮನೆಗೆ ಹಂಚೋಣ, ಯಾವ ಯಾವ ಮನೆ ಎಂದು ಸಂಘದ ಕಾರ್ಯದರ್ಶಿಯಮ್ಮನವರು ಪಟ್ಟಿ ಬರೆದುಕೊಡಲಿ ಎಂದರು. ಅಮ್ಮ ಅಲ್ಲೇ ಹಿಂದಿನ ಬೆಂಚಿನಲ್ಲಿ ಕೂತು ಸಂಘದ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟಳು.

ಮನೆಗೆ ನಡೆದೇ ಬಂದೆವು. ಅಪ್ಪನೂ ತಂಗಿಯೂ ಮುಂದೆ, ನಾವಿಬ್ಬರು ಹಿಂದೆ. ರೈಲ್ವೆ ಗೋಡೆಯ ಪಕ್ಕದ ಒಂದು ಗೇಣು ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕಿತ್ತು, ಹಾಗಾಗಿ ಅವಳ ಬೆನ್ನಿಗೆ ಕೇಳಿದೆ, ಪೇಪರ್ ಎಲ್ಲಿ ಎಂದು.

“ಯಾವ್ದು, ಕಡವುಳ್ ಇಲ್ಲೈ ಅಂತ ಬರ್ದಿತ್ತಲ್ಲ, ಅದಾ? ಬೆಳಿಗ್ಗೆ ಇದ್ಲೊಲೆ ಹೊತ್ಸಕ್ಕೆ ಹಾಕ್ದೆ. ಬೇಗ ಹತ್ಕೊಳ್ತು.”

ಯಾವಾಗ ಗೊತ್ತಾಯಿತು ಎಂದೆ. ಮೊದಲ ದಿನವೇ ಎಂದಳು. “ಪಚ್ಚರಿಸಿ ಪುಳುಂಗಲು ಒಂದೇ ಪಾತ್ರೇಲಿ ಒಟ್ಗೆ ಬೇಯುತ್ತೇನೋ? ಅದು ಬೆಂದು ಕರಗೋಗೋ ಹೊತ್ತಿಗೆ ಇದು ಇನ್ನೂ ಕಣ್ಣು ಬಿಟ್ಟಿರಲ್ಲ. ಇಷ್ಟು ಗೊತ್ತಾಗಕ್ಕೆ ಡಿಗ್ರಿ ಬೇಕಾ?”

ಮದ್ರಾಸಿನಲ್ಲಿ ಹುಟ್ಟಿ ಬೆಳೆದು ದಿನಕ್ಕೆರಡು ಸಲ ಅನ್ನ ಉಂಡವನಿಗೆ ಇದು ಗೊತ್ತಿರಲಿಲ್ಲ. ಬೆಳಕಿನ ವೇಗ ಗೊತ್ತಿತ್ತು. ಉಳಿದದ್ದನ್ನು ಅವಳು ನಡೆಯುತ್ತಲೇ ಹೇಳಿದಳು. ನಾನು ಬೆಳಿಗ್ಗೆ ಮೂರು ಹಿಡಿ ಡ್ರಮ್ಮಿಗೆ ಹಾಕಿದರೆ ಅವಳು ಮಧ್ಯಾಹ್ನ ಮೂರು ಹಿಡಿ ಡ್ರಮ್ಮಿನಿಂದ ತೆಗೆದು ಬೇರೆ ಚೀಲದಲ್ಲಿ ಕಟ್ಟಿಡುತ್ತಿದ್ದಳು. ಶನಿವಾರ ಅದನ್ನು ಡಬ್ಬಿಗೆ ತುಂಬಿದಳು. ಎಂದರೆ ಅಕ್ಕಿ ಸುಮ್ಮನೆ ಸುತ್ತುತ್ತಿತ್ತು. ಡ್ರಮ್ಮು ನಿಧಾನವಾಗಿ ಇಳಿದದ್ದಕ್ಕೆ ನಾನೂ ಕಾರಣನಲ್ಲ. ನಾಲ್ವರ ಅಕ್ಕಿಯನ್ನು ಮೂವರು ಉಂಡದ್ದೇ ಕಾರಣ.

“ಮತ್ತೆ ಕರ್ತ ಕೊಟ್ಟ ಅಂತ ಗುರುವಾರ ಹೇಳಿದ್ಯಂತೆ. ಹಾಕಿದ್ದು ನಾನಮ್ಮ.”

“ಕುಡಿದ ಲೋಟ ಎತ್ತಿಡದೇ ಇರೋನು ನೀನು. ಅಮ್ಮ ಉಣ್ಲಿ ಅಂತ ಐದೂವರೆಗೆ ಎದ್ದೆ. ಅದು ನಿನ್ ಬುದ್ಧಿ ಅಂತ ನಾನು ನಂಬ್ಬೇಕಾ?”

ಹಾಗಾದರೆ ಉಣ್ಣಬೇಕಿತ್ತು ಎಂದೆ. ಕದ್ದ ಅಕ್ಕಿ ಹೇಗೆ ಉಣ್ಣಲಿ ಎಂದಳು. ದೇವರು ಕೊಟ್ಟದ್ದಾದರೆ ಕದ್ದದ್ದು ಹೇಗಾಗುತ್ತದೆ, ಕದ್ದದ್ದಾದರೆ ದೇವರು ಕೊಟ್ಟದ್ದು ಹೇಗಾಗುತ್ತದೆ, ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ನಾನು ಕೂಗಿಯೇ ಹೇಳಿದೆ. ಮುಂದೆ ಹೋಗುತ್ತಿದ್ದ ಅಪ್ಪ ತಿರುಗಿ ನೋಡಿ, ಮತ್ತೆ ನಡೆದ.

“ಎರಡೂ ಇದೆ ಕಣೋ. ನಿಂಗೆ ಯಾವಾಗ್ಲೂ ಒಂದೇ ಬೇಕು,” ಎಂದಳು. ನಾನು ಇದಕ್ಕೆ ಒಳ್ಳೆಯ ಉತ್ತರವೊಂದನ್ನು ಆಮೇಲೆ ತಯಾರಿಸಿದೆ. ಕಥೆ ಹೇಳುವಾಗ ಅದನ್ನು ಅಲ್ಲೇ ಹೇಳಿದೆನೆಂದು ಸೇರಿಸುತ್ತಿದ್ದೆ. ಅಲ್ಲಿ ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಅಯ್ಯನವರ ಸೈಕಲ್ ನಮ್ಮ ಬಾಗಿಲಿಗೆ ಬಂತು. ಹಿಂದಿನ ಕ್ಯಾರಿಯರಿನಲ್ಲಿ ಒಂದು ಬಟ್ಟೆಯ ಚೀಲ. “ಸ್ತೋತ್ರ ಅಮ್ಮಾ,” ಎಂದರು, ಚೀಲವನ್ನು ಹೊಸಿಲೊಳಗೆ ಇಟ್ಟರು, ನೀರು ಕುಡಿದು ಹೋದರು. ಅಮ್ಮ ಬೇಡವೆನ್ನುತ್ತಾಳೆ ಎಂದು ನಾನು ಕಾದೆ. ಮೂರು ವಾರ ಒಂದು ಕಾಳು ಮುಟ್ಟದವಳು. ಅವಳು ಚೀಲ ಬಿಚ್ಚಿ ಒಂದು ಹಿಡಿ ಎತ್ತಿ ನೋಡಿದಳು. ಬಿಳಿ, ಹಳದಿ, ಯಾರದೋ ಮನೆಯ ಕೆಂಪಕ್ಕಿ, ಎಲ್ಲ ಕಲೆತದ್ದು. ಅದರಲ್ಲಿ ನಾನು ಕದ್ದದ್ದೂ ಅವಳು ಮರಳಿ ತುಂಬಿದ್ದೂ ಎಲ್ಲೋ ಇತ್ತು. ನಕ್ಕಳು. ತೊಳೆದು ಒಲೆಗಿಟ್ಟಳು, ಅಂದು ಐದು ಪಾವು. ಇಡುವ ಮೊದಲು ಖಾಲಿ ಡಬ್ಬಿಗೆ ಒಂದು ಹಿಡಿ ಹಾಕಿದಳು.

ಅನ್ನ ಬಹಳ ಕೆಟ್ಟದಾಗಿತ್ತು. ಅಮ್ಮ ನಮ್ಮ ಜೊತೆಯಲ್ಲೇ ಕೂತಳು. ಎರಡು ಸಲ ಬಡಿಸಿಕೊಂಡಳು. ಹುಣಿಸೆ ಸಾರನ್ನು ಅಂಗೈಗೆ ಹಾಕಿಕೊಂಡು ಸೊರಸೊರ ಎಳೆದಳು. ನಾನು ಸುಮ್ಮನಿರಲಾರದೆ, ಇದು ಅದೇ ಅಕ್ಕಿಯಲ್ಲವೇ ಎಂದೆ.

“ಅದೇ ಹೆಂಗಾಗುತ್ತೆ? ಅದು ನಾವು ಕೊಟ್ಟಿದ್ದು. ಇದು ನಮಗೆ ಬಂದಿದ್ದು. ಉಣ್ಣು.”

ಒಂದೆರಡು ದಿನದಲ್ಲಿ ಮುಷ್ಕರ ನಿಂತಿತು. ಅಪ್ಪ ಕೆಲಸಕ್ಕೆ ಹೋದ. ಆಮೇಲೆ ಅವನಿಗೇನಾಯಿತು, ಸಂಬಳ ಎಷ್ಟು ತಡವಾಯಿತು ಎಂಬುದೆಲ್ಲ ಬೇರೆ ಕಥೆ, ಅದರಲ್ಲಿ ನಗುವುದಕ್ಕೆ ಹೆಚ್ಚಿಲ್ಲ.

ನನ್ನ ತಲೆ ಮಾತ್ರ ಸುಮ್ಮನಾಗಲಿಲ್ಲ. ಸೋಮವಾರದ ಚೀಲವನ್ನು ನೋಡಿ ಅಮ್ಮನಿಗೆ ಸ್ವಲ್ಪವೂ ಆಶ್ಚರ್ಯವಾಗಿರಲಿಲ್ಲ. ಅದು ನನ್ನನ್ನು ಕೊರೆಯುತ್ತಿತ್ತು. ಕೊನೆಗೆ ಒಂದು ದಿನ, ಎಂ.ಎಸ್ಸಿ. ಓದುವಾಗ ಇರಬೇಕು, ಬಸ್ಸಿನಲ್ಲಿ ನಿಂತಿದ್ದಾಗ ಉತ್ತರ ಹೊಳೆಯಿತು. ಪಟ್ಟಿ ಬರೆದವಳು ಅವಳೇ. ಯಾವ ಮನೆಗೆ ಅಕ್ಕಿ ಹೋಗಬೇಕೆಂದು ಬರೆಯುವಾಗ ನಮ್ಮ ಮನೆಯನ್ನೂ ಬರೆದಳು, ಅಷ್ಟೆ. ಭಾನುವಾರ ಬರೆದುಕೊಟ್ಟದ್ದು ಸೋಮವಾರ ಬಾಗಿಲಿಗೆ ಬಂದರೆ ಯಾರಿಗೆ ಆಶ್ಚರ್ಯ? ಎಷ್ಟು ನೆಮ್ಮದಿಯಾಯಿತೆಂದರೆ ಒಂದು ಸ್ಟಾಪು ಮುಂದೆ ಹೋಗಿ ಇಳಿದೆ. ಅಂದಿನಿಂದ ಕಥೆಗೆ ಅದೇ ಮುಕ್ತಾಯ. ಕರ್ತನು ಒದಗಿಸುತ್ತಾನೆ, ಆದರೆ ವಿಳಾಸ ಬರೆದುಕೊಡುವವಳು ನಮ್ಮಮ್ಮ. ಪ್ರತಿ ಸಲವೂ ಜನ ನಕ್ಕರು.

ಒಂದು ಕ್ರಿಸ್‌ಮಸ್ಸಿಗೆ ನನ್ನ ಸಹೋದ್ಯೋಗಿಗಳು ಮನೆಗೆ ಬಂದಿದ್ದರು. ಅವರ ಮುಂದೆ, ಅಮ್ಮ ಅಲ್ಲೇ ಇರುವಾಗ ಹೇಳಿದೆ. ಅವಳು ಕಲ್‌ಕಲ್ ಎಂಬ ಹಬ್ಬದ ಸಿಹಿತಿಂಡಿ ತುಂಬಿದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿದಳು. ಎಲ್ಲರೂ ನಕ್ಕರು, ಒಬ್ಬರು ಭಲೇ ಅಮ್ಮ ಎಂದರು. ಅವಳೂ ಮುಗುಳ್ನಕ್ಕಳು, ತಟ್ಟೆಯನ್ನು ಅವರ ಮುಂದೆ ಹಿಡಿದು, “ಇನ್ನೊಂದ್ ತಗೊಳ್ಳಿ,” ಎಂದಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದು ತೆಗೆದುಕೊಂಡೆ.

ಎಂಬತ್ತರ ದಶಕದ ನಡುವಿನಲ್ಲಿ ನನಗೆ ಪಾಸ್‌ಪೋರ್ಟಿಗೆಂದು ದೀಕ್ಷಾಸ್ನಾನದ ಸರ್ಟಿಫಿಕೇಟು ಬೇಕಾಯಿತು. ಅಮ್ಮ ಹೋಗಿ ಎರಡು ವರ್ಷವಾಗಿತ್ತು, ಅಯ್ಯನವರು ಅವಳಿಗೂ ಮೊದಲೇ. ಚರ್ಚಿನ ಹಿಂದಿನ ಕೋಣೆಯಲ್ಲಿ ಗುಮಾಸ್ತರು ಹಳೆಯ ಬೀರು ತೆರೆದು, ಹುಡುಕಿಕೊಳ್ಳಿ ಎಂದು ಹೇಳಿ ಟೀಗೆ ಹೋದರು. ನನಗೆ ಬೇಕಾದದ್ದು ಎರಡನೆಯ ಅರೆಯಲ್ಲಿ ಸಿಕ್ಕಿತು. ಕೆಳಗಿನ ಅರೆಯಲ್ಲಿ ಸ್ತ್ರೀಯರ ಸಂಘದ ನೋಟ್‌ಬುಕ್ಕುಗಳು ದಾರದಲ್ಲಿ ಕಟ್ಟಿ ಇದ್ದವು. ನಾನು ಯಾಕೆ ಬಿಚ್ಚಿದೆನೋ ಗೊತ್ತಿಲ್ಲ. ಗೊತ್ತಿದೆ, ನನ್ನ ಮುಕ್ತಾಯಕ್ಕೆ ಒಂದು ಪುರಾವೆ ಇದ್ದರೆ ಚೆನ್ನಾಗಿರುತ್ತದೆ ಎನಿಸಿತು.

ಎಪ್ಪತ್ತನಾಲ್ಕರ ಪುಸ್ತಕದಲ್ಲಿ ಮೇ ತಿಂಗಳ ಕೊನೆಯ ಭಾನುವಾರದ ಹಾಳೆ ಸಿಕ್ಕಿತು. ಮೇಲೆ, ಅಕ್ಕಿ ಕಳಿಸಬೇಕಾದ ಮನೆಗಳು ಎಂದು ಬರೆದಿತ್ತು. ಅಮ್ಮನದೇ ಅಕ್ಷರ, ಒತ್ತಕ್ಷರಗಳನ್ನು ಸಾಲಿನಿಂದ ಬಹಳ ಕೆಳಗೆ ಇಳಿಸಿ ಬರೆಯುವ ಆ ಅಕ್ಷರವನ್ನು ನಾನು ಎಲ್ಲಿ ನೋಡಿದರೂ ಗುರುತಿಸುತ್ತೇನೆ. ಹನ್ನೊಂದು ಮನೆಗಳಿದ್ದವು. ಎರಡು ಸಲ ಓದಿದೆ, ಮೂರನೆಯ ಸಲ ಬೆರಳಿಟ್ಟು ಓದಿದೆ. ಹಾಳೆ ತಿರುಗಿಸಿ ಹಿಂದೆಯೂ ನೋಡಿದೆ, ಅಲ್ಲೇನೂ ಬರೆದಿರಲಿಲ್ಲ. ಪಟ್ಟಿಯಲ್ಲಿ ನಮ್ಮ ಮನೆ ಇಲ್ಲ.